ಕ್ಲೀನರ್ ಸೀಟು ಖಾಲಿ

ಬಾಗಲಕೋಟೆ ನವನಗರದ ಆರ್‌ಟಿಒ ಕಚೇರಿಯಲ್ಲಿ ಡ್ರೈವಿಂಗ್ ಟೆಸ್ಟಿಗೆ ನಿಂತವರ ಸಾಲಿನಲ್ಲಿ ಮೀಸೆ ಬೆಳ್ಳಗಾದವರು ಸಿಗುವುದು ಅಪರೂಪ. ಅವತ್ತು ಒಬ್ಬರಿದ್ದರು. ಹಿಂದೆ ನಿಂತ ಹುಡುಗನೊಬ್ಬ, 'ಕಾಕಾ, ಈ ವಯಸ್ಸಿನ್ಯಾಗ ಗಾಡಿ ಕಲಿಯಾಕತ್ತೀರೇನ್ರಿ?' ಎಂದು ಕೇಳಿದನಂತೆ. ಕಾಕಾ ಮಾತಾಡಲಿಲ್ಲ. ಇಳಕಲ್ಲಿನ ಕೆಂಪು ಕಲ್ಲು ಹೇರಿಕೊಂಡು ಮಂಗಳೂರು ಬಂದರಿಗೂ ಚೆನ್ನೈಗೂ ಇಪ್ಪತ್ತೈದು ವರ್ಷ ಲಾರಿ ಓಡಿಸಿದ ಮನುಷ್ಯ, ಮೊನ್ನೆ ಮೊನ್ನೆ ಸ್ಟೇರಿಂಗ್ ಹಿಡಿದ ಹುಡುಗರ ನಡುವೆ ತಮ್ಮ ಪಾಳಿಗಾಗಿ ಕಾದರು.

ಕಾರಣ ಇಷ್ಟೆ. ಲೈಸೆನ್ಸಿನ ಅವಧಿ ಮುಗಿದು ವರ್ಷದ ಮೇಲಾಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅವಧಿ ಮುಗಿದ ಒಂದು ವರ್ಷದೊಳಗೆ ನವೀಕರಿಸಿಕೊಂಡರೆ ಸರಿ. ಅದು ದಾಟಿದರೆ ಮತ್ತೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಮೊದಲು ಈ ಗಡುವು ಐದು ವರ್ಷದ್ದಾಗಿತ್ತು. ಒಂದು ಕೈಯಿಂದ ಕಿತ್ತುಕೊಂಡ ಕಾಯ್ದೆ ಇನ್ನೊಂದು ಕೈಯಿಂದ ಕೊಟ್ಟದ್ದೂ ಉಂಟು. ಸಾರಿಗೆ ವಾಹನದ ಲೈಸೆನ್ಸು ಮೂರರ ಬದಲು ಐದು ವರ್ಷ ನಡೆಯುವಂತಾಯಿತು. ಲಾರಿ ಓಡಿಸುವವರು ಎಂಟನೇ ಕ್ಲಾಸು ಓದಿರಲೇಬೇಕೆಂಬ ನಿಯಮವನ್ನೂ ಅದೇ ವರ್ಷ ತೆಗೆದುಹಾಕಿದರು. 'ಅದೊಂದು ಛಲೋ ಮಾಡಿದ್ರು ನೋಡ್ರಿ. ನಾ ಐದನೇತ್ತೆಗೇ ಸಾಲಿ ಬಿಟ್ಟಾಂವ' ಎಂದರು ಕಾಕಾ.

ಪರೀಕ್ಷೆ ಕಷ್ಟವಾಗಲಿಲ್ಲ. ತೊಂದರೆ ಕೊಟ್ಟದ್ದು ಡಾಕ್ಟರು ಬರೆದುಕೊಡಬೇಕಾದ ಫಾರಂ 1ಎ. ದೂರದ ಬೋರ್ಡು ಚೆನ್ನಾಗಿಯೇ ಕಾಣುತ್ತಿತ್ತು. ಕೈಯಲ್ಲಿದ್ದ ಬಿಲ್ಟಿಯ ಅಕ್ಷರ ಮಾತ್ರ ಇರುವೆಯ ಸಾಲಾಗಿತ್ತು. ಚಾಳೀಸು ಬಂದಿತ್ತು. ಇಪ್ಪತ್ತೈದು ವರ್ಷ ಕನ್ನಡಕವಿಲ್ಲದೆ ದಾರಿ ನೋಡಿದವರು ಈಗ ಎದೆಯ ಜೇಬಿನಲ್ಲಿ ಕನ್ನಡಕ ಇಟ್ಟುಕೊಂಡು ಹೊಸ ಕಂಪನಿಯ ಬಾಗಿಲಿಗೆ ಹೋದರು.

ನಾನು ಇಳಕಲ್ಲಿಗೆ ಹೋಗಿದ್ದು ಗ್ರಾನೈಟ್ ಬಗ್ಗೆ ಬರೆಯಲಿಕ್ಕೆ. ಕಲ್ಲಿನ ಗಣಿ, ಪಾಲಿಶ್ ಫ್ಯಾಕ್ಟರಿ, ರಫ್ತಿನ ಲೆಕ್ಕ ಎಂದೆಲ್ಲ ಪಟ್ಟಿ ಮಾಡಿಕೊಂಡಿದ್ದೆ. ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಕಾಕಾ ಸಿಕ್ಕಮೇಲೆ ಪಟ್ಟಿ ಜೇಬಿನಲ್ಲೇ ಉಳಿಯಿತು. ಅವರು ರಜೆಯ ಮೇಲೆ ಊರಿಗೆ ಬಂದಿದ್ದರು. 'ಹೆಸರು ಬರೀಬ್ಯಾಡ್ರಿ, ಕಂಪನಿ ಹುಡುಗ್ರು ಪೇಪರ್ ಓದ್ತಾರ' ಎಂದರು. ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೂ ಕರೆಯುವಂತೆ ಇಲ್ಲಿಯೂ ಅವರು ಕಾಕಾ ಆಗಿಯೇ ಇರಲಿ.

2020ರ ಮಾರ್ಚ್‌ನ ಲಾಕ್‌ಡೌನ್ ಬಿದ್ದಾಗ ಕಾಕಾ ಕಲ್ಲಿನ ಲೋಡಿನೊಂದಿಗೆ ತಮಿಳುನಾಡಿನಲ್ಲಿ ಸಿಕ್ಕಿಕೊಂಡಿದ್ದರು. ಹೋಟೆಲ್ ಇಲ್ಲ, ಪಂಕ್ಚರ್ ಅಂಗಡಿ ಇಲ್ಲ, ಇಳಿಸಿಕೊಳ್ಳುವವರೂ ಇಲ್ಲ. ಹೇಗೋ ಊರು ಸೇರಿದಾಗ ಮಾಲೀಕರು ತಮ್ಮ ಎರಡು ಲಾರಿಗಳಲ್ಲಿ ಒಂದನ್ನು ಮಾರಲು ಗಿರಾಕಿ ಹುಡುಕುತ್ತಿದ್ದರು. ಆರು ತಿಂಗಳಿಗೆ ಇನ್ನೊಂದೂ ಹೋಯಿತು. ಕಾಕಾ ಗಾಡಿ ಬಿಟ್ಟರು. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಕಡೆ ಕಾರ್ಖಾನೆಗಳಿಗೆ ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್ ಎಳೆದರು. ಉಳಿದ ದಿನ ಒಂದು ಪಾನ್ ಅಂಗಡಿ. ಮನೆಯಲ್ಲಿ ಹೆಂಡತಿ ಸೀರೆಯ ಮಗ್ಗಕ್ಕೆ ಕೊಂಡಿ ಹಾಕುವ ಕೆಲಸ ಮಾಡುತ್ತಾರೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ಆ ಕೆಲಸದಲ್ಲೇ ಇಳಕಲ್ ಸೀರೆಯ ಗುಟ್ಟಿದೆ. ಅದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ಮತ್ತೆ ಯಾಕೆ ಹೋದಿರಿ ಎಂದರೆ ಗಂಡನದು ಒಂದು ಉತ್ತರ, ಹೆಂಡತಿಯದು ಇನ್ನೊಂದು. 'ಮಗನ ಕಾಲೇಜ್ ಫೀ ಐತ್ರಿ, ಪಾನ್ ಅಂಗಡ್ಯಾಗ ಏನ್ ಹುಟ್ಟತದ' ಎಂದರು ಕಾಕಾ. ಅವರು ಒಳಗೆ ಹೋದಮೇಲೆ ಹೆಂಡತಿ ದನಿ ತಗ್ಗಿಸಿ ಹೇಳಿದರು: 'ಫೀ ಹೆಂಗರ ಮಾಡಿ ಕಟ್ಟತಿದ್ವಿರಿ. ಅವರಿಗೆ ಮನ್ಯಾಗ ನಿದ್ದಿ ಬರ್ತಿರಲಿಲ್ಲ. ರಾತ್ರಿ ಎರಡಕ್ಕ ಎದ್ದು ಹೊರಗ ಕಟ್ಟಿ ಮ್ಯಾಲ ಕೂತು, ಹೈವೇ ಮ್ಯಾಲ ಹೋಗೋ ಗಾಡಿ ಸಪ್ಪಳ ಕೇಳ್ತಿದ್ರು. ಇದು ಲೇಲ್ಯಾಂಡು, ಇದು ಟಾಟಾ ಅಂತ ನನಗೂ ಹೇಳ್ತಿದ್ರು.'

ಈ ಭಾಗದ ಲಾರಿಯ ಇತಿಹಾಸ ಎಂದು ಯಾರೂ ಬರೆದಿಟ್ಟದ್ದು ನನಗೆ ಸಿಗಲಿಲ್ಲ. ಸಿಕ್ಕಿದ್ದು ಎಂಬತ್ತರ ಹತ್ತಿರದ ಒಬ್ಬ ಹಳೆಯ ಲಾರಿ ಏಜೆಂಟರ ನೆನಪು. ಅವರ ಬಾಲ್ಯದಲ್ಲಿ ಮುಂದೆ ಮೂತಿ ಚಾಚಿದ ಬೆಡ್‌ಫೋರ್ಡ್ ಗಾಡಿಗಳಿದ್ದವು. ಆಮೇಲೆ ಟಾಟಾ ಮರ್ಸಿಡಿಸ್ ಬಂತು. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಕಟ್ಟಲು ಶುರು ಮಾಡಿದ್ದು 1954ರಲ್ಲಿ. ಒಪ್ಪಂದ ಮುಗಿದದ್ದು 1969ರಲ್ಲಿ. 'ಮೂತಿ ಮ್ಯಾಲಿನ ನಕ್ಷತ್ರ ಹೋತು, ಇಂಜಿನ್ ಅದ ಉಳೀತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಆಗೆಲ್ಲ ಶೇಂಗಾ, ಹತ್ತಿ, ಸೀರೆಯ ಗಂಟು. ಕಲ್ಲು ಬಂದದ್ದು ತಡವಾಗಿ. ಬಂದಮೇಲೆ ಊರಿನ ಲಾರಿಗಳ ಲೆಕ್ಕವೇ ಬದಲಾಯಿತು. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆ ಮುಳುಗುವ ಹೊತ್ತಿನಲ್ಲಿ ಮತ್ತೊಂದು ತರಹದ ಬಾಡಿಗೆ ಹುಟ್ಟಿತ್ತು. ಕಟ್ಟಿದ ಮನೆ ಬಿಚ್ಚಿ, ತೊಲೆ, ಬಾಗಿಲು, ಅಂಗಳದ ಹಾಸುಗಲ್ಲುಗಳನ್ನು ಲಾರಿಗೆ ಹೇರಿ ನವನಗರಕ್ಕೆ ಒಯ್ಯುವುದು. ಅದನ್ನು ಹೇಳುವಾಗ ಅಜ್ಜನ ಮಾತು ನಿಧಾನವಾಯಿತು. ನಾನು ಮುಂದಕ್ಕೆ ಕೇಳಲಿಲ್ಲ.

ಹತ್ತಿರದ ಗದಗಿನ ಕಥೆಯಂತೂ ಇಲ್ಲಿನ ಪ್ರತಿ ಲಾರಿ ಮಾಲೀಕನಿಗೂ ಬಾಯಿಪಾಠ. ಪುಸ್ತಕ ಮುದ್ರಣ, ಪ್ರಕಟಣೆಯ ಮನೆತನದ ವಿಜಯ ಸಂಕೇಶ್ವರ 1976ರಲ್ಲಿ ಒಂದೇ ಒಂದು ಲಾರಿ ಇಟ್ಟುಕೊಂಡು ಸಾರಿಗೆಗೆ ಇಳಿದರು. ವಹಿವಾಟು ಹುಬ್ಬಳ್ಳಿಗೆ ಬಂತು, ವಿಜಯಾನಂದ ರೋಡ್‌ಲೈನ್ಸ್ 1983ರಲ್ಲಿ ಕಂಪನಿಯಾಯಿತು, 2015ರಲ್ಲಿ ಷೇರು ಪೇಟೆಗೂ ಹೋಯಿತು. ವರೂರಿನಲ್ಲಿ ತನ್ನದೇ ವರ್ಕ್‌ಶಾಪು, ಬಾಡಿ ಕಟ್ಟುವ ಜಾಗ. ಒಂದು ಲಾರಿ ಕೊಂಡವರೆಲ್ಲ ಸಂಕೇಶ್ವರರಾಗುತ್ತೇವೆ ಎಂದುಕೊಂಡರು, ಬಹಳಷ್ಟು ಮಂದಿ ಎರಡನೇ ಲಾರಿಯ ಕಂತಿನಲ್ಲಿ ನಿಂತರು ಎಂದು ಅಜ್ಜ ನಕ್ಕರು. ಆ ಕಥೆಯಿಂದ ನಮಗೆ ಬೇಕಾದ್ದು ಇಷ್ಟು: ಮಾಲೀಕನ ಮನೆಯಂಗಳದಲ್ಲಿ ನಿಲ್ಲುತ್ತಿದ್ದ ಲಾರಿ ಕಂಪನಿಯ ಗೇಟಿನೊಳಗೆ ಹೋಯಿತು. ಮಾಲೀಕನ ಮುಖ ನೋಡಿ ಕೆಲಸ ಮಾಡುತ್ತಿದ್ದ ಡ್ರೈವರ್ ನೌಕರಿ ನಂಬರಾದ. ಕಾಕಾ ಅದನ್ನು ಕಂಡದ್ದು ಐವತ್ತು ದಾಟಿದಮೇಲೆ.

ಕಾಕಾ ಡ್ರೈವರ್ ಆದದ್ದು ಹೇಗೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಹದಿನಾಲ್ಕನೇ ವಯಸ್ಸಿಗೆ ಹುನಗುಂದದ ಒಬ್ಬ ಉಸ್ತಾದರ ಗಾಡಿಗೆ ಕ್ಲೀನರ್ ಆಗಿ ಹತ್ತಿದರು. ಮೊದಲ ವರ್ಷ ಕಲಿತದ್ದು ಕಿವಿಯ ಕೆಲಸ. ಗಾಡಿ ನಿಂತಾಗೆಲ್ಲ ಕೆಳಗಿಳಿದು ಕಬ್ಬಿಣದ ರಾಡಿನಿಂದ ಒಂದೊಂದು ಟೈರಿಗೂ ಬಡಿಯಬೇಕು. ಗಾಳಿ ತುಂಬಿದ್ದರೆ ಒಂದು ಸಪ್ಪಳ, ಇಳಿದಿದ್ದರೆ ಸತ್ತ ಸಪ್ಪಳ. ಜೋಡಿ ಟೈರುಗಳಲ್ಲಿ ಒಳಗಿನದು ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಯೇ ಹೇಳಬೇಕು. ಗಾಡಿ ಓಡುವಾಗ ಹೌಸಿಂಗಿನಿಂದ ಹೊಸ ಸದ್ದು ಬಂದರೆ ಉಸ್ತಾದರಿಗಿಂತ ಮೊದಲು ಹುಡುಗ ಹೇಳಬೇಕು. ಹೇಳದಿದ್ದರೆ ತಲೆಗೆ ಒಂದು ಏಟು.

ಎರಡನೇ ವರ್ಷ ಕೈಯ ಕೆಲಸ. ಹತ್ತಿ ಹೇರಿದಾಗ ತಾಡಪತ್ರಿ ಹೊದಿಸಿ ಹಗ್ಗ ಕಟ್ಟುವುದು. ಗಾಳಿ ಮುಂದಿನಿಂದ ಬರುವುದರಿಂದ ತಾಡಪತ್ರಿಯ ಮಡಿಕೆ ಹಿಂದಕ್ಕೆ ಬಾಯಿ ಬಿಡಬೇಕು. ತಿರುಗಾಮುರುಗಾ ಹಾಕಿದರೆ ಹತ್ತು ಮೈಲಿಗೆ ಹರಿದು ಹಾರುತ್ತದೆ. ಗಂಟು ಎಷ್ಟು ಗಟ್ಟಿಯಿದ್ದರೂ ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಮಳೆಯಲ್ಲಿ, ಕತ್ತಲಲ್ಲಿ ಬಿಚ್ಚುವವನೂ ಅವನೇ ತಾನೆ.

ಕಲ್ಲಿನದು ಬೇರೆಯೇ ವಿದ್ಯೆ. ಗ್ರಾನೈಟ್ ಒಂದು ಘನ ಮೀಟರಿಗೆ ಹೆಚ್ಚೂಕಡಿಮೆ 2.7 ಟನ್ ತೂಗುತ್ತದೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬ್ಲಾಕ್ ಎಂದರೆ 24 ಟನ್. ನೋಡಿದರೆ ಲಾರಿಯಲ್ಲಿ ಅರ್ಧ ಜಾಗ ಖಾಲಿ ಇದ್ದಂತೆ ಕಾಣುತ್ತದೆ. ತೂಕ ಆಗಲೇ ತುಂಬಿರುತ್ತದೆ. ಕ್ರೇನು ಇಳಿಸುವ ಆ ಒಂದು ಗಳಿಗೆಯಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. ಒಂದು ಗೇಣು ಹಿಂದೆ ಕೂತರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ; ಒಂದು ಗೇಣು ಮುಂದೆ ಬಂದರೆ ಮುಂದಿನ ಸ್ಪ್ರಿಂಗಿನ ಪಾಟಾ ಮುರಿಯುತ್ತದೆ. ಕೆಳಗೆ ಕಟ್ಟಿಗೆಯ ದಿಮ್ಮಿ, ನಾಲ್ಕೂ ಕಡೆ ಬೆಣೆ, ಮೇಲೆ ಚೈನು. ಹೆಚ್ಚು ಗಮನ ಕೊಡಬೇಕಾದ್ದು ಮುಂದಿನ ಬೆಣೆಗೆ. ಗಟ್ಟಿಯಾಗಿ ಬ್ರೇಕ್ ಹಾಕಿದ ದಿನ ಗಾಡಿ ನಿಲ್ಲುತ್ತದೆ, ಕಲ್ಲು ನಿಲ್ಲುವುದಿಲ್ಲ. ಕಲ್ಲಿಗೂ ಡ್ರೈವರನ ಬೆನ್ನಿಗೂ ನಡುವೆ ಇರುವುದು ಕ್ಯಾಬಿನ್ನಿನ ತಗಡು ಮಾತ್ರ.

'ಹತ್ತಿ ಗಾಡಿ ಗಾಳಿಗೆ ವಾಲತದ್ರಿ, ಕಲ್ಲಿನ ಗಾಡಿ ನಮ್ಮ ತಪ್ಪಿಗೆ ವಾಲತದ' ಎಂದು ಉಸ್ತಾದರು ಹೇಳುತ್ತಿದ್ದರಂತೆ.

ಮೂರನೇ ವರ್ಷ ಘಾಟು. ಹುಬ್ಬಳ್ಳಿ ದಾಟಿ ಯಲ್ಲಾಪುರ, ಅಲ್ಲಿಂದ ಅರಬೈಲ್ ಘಾಟ್ ಇಳಿದು ಅಂಕೋಲಾ, ಮುಂದೆ ಕರಾವಳಿ ಹಿಡಿದು ಮಂಗಳೂರು. ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂಬುದು ಮೊದಲ ಪಾಠ. ಬ್ರೇಕ್ ತುಳಿಯುತ್ತಲೇ ಇಳಿದರೆ ಡ್ರಮ್ಮು ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ತುಳಿದರೂ ಹಿಡಿಯುವುದಿಲ್ಲ. ಕ್ಲೀನರ್ ಹುಡುಗನ ಮೂಗಿಗೆ ಅಲ್ಲಿ ಕೆಲಸ. ವಾಸನೆ ಬಂದ ಕೂಡಲೇ 'ಉಸ್ತಾದ್, ಕಾದೈತಿ' ಎನ್ನಬೇಕು. ಜಾಗ ಸಿಕ್ಕಲ್ಲಿ ಗಾಡಿ ನಿಲ್ಲುತ್ತದೆ, ಹುಡುಗ ಜಿಗಿದು ಚಕ್ರಕ್ಕೆ ಕಲ್ಲಿಡುತ್ತಾನೆ.

ಹೀಗೆ ಐದಾರು ವರ್ಷ. ಕೊನೆಗೊಂದು ರಾತ್ರಿ ಖಾಲಿ ಗಾಡಿಯಲ್ಲಿ ಬರುವಾಗ, ನೇರ ರಸ್ತೆ ಸಿಕ್ಕಾಗ, ಉಸ್ತಾದರು ಪಕ್ಕಕ್ಕೆ ಸರಿದು 'ಹಿಡಿ' ಎಂದರು. ಅದು ಕಾನೂನಿಗೆ ವಿರುದ್ಧ, ಹೇಳಬೇಕಾಗಿಲ್ಲ. ಆದರೆ ಈ ಜಿಲ್ಲೆಯ ಬಹುಪಾಲು ಹಳೆಯ ಡ್ರೈವರುಗಳಿಗೆ ಪದವಿ ಸಿಕ್ಕಿದ್ದು ಹಾಗೆಯೇ.

ಈ ಗುರುಕುಲವನ್ನು ಹೊಗಳುವಾಗ ಸ್ವಲ್ಪ ತಡೆದು ಹೊಗಳಬೇಕು. ಹದಿನಾಲ್ಕು ವರ್ಷದ ಹುಡುಗನಿಗೆ ಸಂಬಳ ಎಂಬುದೇ ಇರಲಿಲ್ಲ. ಊಟ, ಚಹಾ, ಹಬ್ಬಕ್ಕೊಂದು ಅಂಗಿ. ಪಾನಾ ಎಸೆದರೆ ತಪ್ಪಿಸಿಕೊಳ್ಳುವುದೂ ಕಲಿಕೆಯ ಭಾಗ. ಕಾಕಾನ ಎಡ ಹುಬ್ಬಿನ ಮೇಲೆ ಅದರ ಗುರುತು ಇವತ್ತಿಗೂ ಇದೆ. ಅದನ್ನು ಮುಟ್ಟಿ ತೋರಿಸುತ್ತಲೇ ಅವರು ಉಸ್ತಾದರ ಹೆಸರಿಗೆ ಕೈ ಮುಗಿದರು. ಆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅವರಿಗೆ ಸುಲಭ, ನನಗಲ್ಲ.

ಹೊಸ ಕಂಪನಿ ಹುಬ್ಬಳ್ಳಿ ಕಡೆಯದು. ಕಂಟೇನರ್ ಗಾಡಿಗಳು, ಹುಬ್ಬಳ್ಳಿಯಿಂದ ಭಿವಂಡಿ, ಭಿವಂಡಿಯಿಂದ ದಿಲ್ಲಿ, ಬರುವಾಗ ಎಲ್ಲಿ ಲೋಡು ಸಿಕ್ಕರೆ ಅಲ್ಲಿಂದ. ಸೇರುವಾಗ ಯಾರ್ಡಿನಲ್ಲಿ ಕಂಬ ನೆಟ್ಟು ಟ್ರೇಲರನ್ನು ಹಿಮ್ಮುಖವಾಗಿ ಒಳಗೆ ಹಾಕಿಸಿದರು. ಒಂದೇ ಸಲಕ್ಕೆ ಹಾಕಿದರು ಎಂದು ಹೆಂಡತಿ ಹೇಳಿದರು. ಕಾಕಾ ಎರಡು ಸಲ ಎಂದು ತಿದ್ದಿದರು. ಪೊಲೀಸ್ ವೆರಿಫಿಕೇಶನ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ನಂತರ ಒಬ್ಬ ಹುಡುಗ ಕೂರಿಸಿಕೊಂಡು ಹೊಸ ಗಾಡಿಯ ಪಾಠ ಹೇಳಿದ. ಎಂಜಿನ್ನಿನ ಪಾಠ ಕಡಿಮೆ, ಮೊಬೈಲಿನ ಪಾಠ ಹೆಚ್ಚು.

ಗಾಡಿ ಬಿಟ್ಟಿದ್ದ ನಾಲ್ಕೈದು ವರ್ಷದಲ್ಲಿ ಬದಲಾದದ್ದು ಒಂದೆರಡಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಎಂಜಿನ್ನುಗಳಿಗೆ ಡೀಸೆಲ್ ಜೊತೆ ಇನ್ನೊಂದು ಟಾಕಿಯಲ್ಲಿ ಯೂರಿಯಾ ದ್ರಾವಣ ಬೇಕು. ಶುದ್ಧ ನೀರಿನಲ್ಲಿ ನೂರಕ್ಕೆ 32.5 ಭಾಗ ಯೂರಿಯಾ. ಹೊಗೆಯ ವಿಷ ಇಳಿಸಲಿಕ್ಕೆ. ಅದು ಖಾಲಿಯಾದರೆ ಗಾಡಿ ತಾನಾಗಿಯೇ ಶಕ್ತಿ ಇಳಿಸಿಕೊಂಡು ಕುಂಟುತ್ತದೆ. 'ಹೊಲಕ್ಕ ಯೂರಿಯಾ ಸಿಗವಲ್ದು ಅಂತ ನಮ್ಮ ತಮ್ಮ ಸೊಸೈಟಿ ಮುಂದ ಪಾಳಿ ಹಚ್ಯಾನ, ನಾ ಗಾಡಿಗಿ ಹಾಕಾಕತ್ತೀನಿ' ಎಂದು ಕಾಕಾ ನಕ್ಕರು. ಚೀಲದ ಯೂರಿಯಾ ಕರಗಿಸಿ ಹಾಕಿ ಉಳಿತಾಯ ಮಾಡಲು ಹೋದವರ ಗಾಡಿ ವರ್ಕ್‌ಶಾಪು ಸೇರಿದ ಕಥೆಗಳೂ ಅವರ ಬಳಿ ಇದ್ದವು.

ದಾರಿಯ ಲೆಕ್ಕವೂ ಬೇರೆಯಾಗಿದೆ. ಜಿಎಸ್‌ಟಿಗೆ ಮೊದಲು, ಅಂದರೆ 2017ರ ಜುಲೈಗೆ ಮೊದಲು, ಮಹಾರಾಷ್ಟ್ರದ ಗಡಿಯಲ್ಲಿ ತೆರಿಗೆ ಚೆಕ್‌ಪೋಸ್ಟಿನ ಸಾಲಿನಲ್ಲಿ ಇಡೀ ರಾತ್ರಿ ಕಳೆಯುತ್ತಿತ್ತು. ಡ್ರೈವರಿಗೆ ಪುಕ್ಕಟೆ ನಿದ್ದೆ ಸಿಗುತ್ತಿದ್ದುದು ಅಲ್ಲಿಯೇ. ಚೆಕ್‌ಪೋಸ್ಟು ಹೋಯಿತು, ಇ-ವೇ ಬಿಲ್ ಬಂತು. ಮೊದಲು ದಿನಕ್ಕೆ 100 ಕಿಲೋಮೀಟರಿನಂತೆ ಅದರ ಅವಧಿ ಲೆಕ್ಕ ಹಾಕುತ್ತಿದ್ದರು. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಕಾಗದಕ್ಕೂ ಅವಸರ ಬಂತು. ಅದೇ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನಲ್ಲಿ ನಿಲ್ಲುವುದೂ ತಪ್ಪಿತು. ವಿಜಯಪುರದಿಂದ ಹುನಗುಂದಕ್ಕೆ 97 ಕಿಲೋಮೀಟರ್, ಹುನಗುಂದದಿಂದ ಹೊಸಪೇಟೆಗೆ 99; ಎರಡೂ ತುಂಡು ನಾಲ್ಕು ಪಥವಾಗಿ, ಹಳೆಯ 13ನೇ ನಂಬರಿನ ಹೆದ್ದಾರಿ 50 ಎನಿಸಿಕೊಂಡಿದೆ. ಊರೊಳಗಿನ ಖಾನಾವಳಿಗಳಿಗೆ ಈಗ ಲಾರಿಗಳು ಬರುವುದಿಲ್ಲ. ಕೂಡಲಸಂಗಮ ಕ್ರಾಸಿನಲ್ಲಿ ಗಾಡಿ ಹಚ್ಚಿ ಗುಡಿಯ ದಿಕ್ಕಿಗೆ ಕೈ ಮುಗಿದು, ಒಗ್ಗರಣಿ ಮಿರ್ಚಿ ತಿಂದು ಹೊರಡುವ ರೂಢಿ ಕಾಕಾ ಬಿಟ್ಟಿರಲಿಲ್ಲ. ಈಗ ಐದು ನಿಮಿಷಕ್ಕೆ ಮೊಬೈಲ್ ಕೇಳುತ್ತದೆ: ಗಾಡಿ ಯಾಕೆ ನಿಂತಿದೆ?

ಮುಖದ ಎದುರಿಗೆ ಒಂದು ಕ್ಯಾಮೆರಾ. ಕಣ್ಣು ಮುಚ್ಚಿದರೆ, ಆಕಳಿಸಿದರೆ ಕೂಗುತ್ತದೆ. ಗಟ್ಟಿ ಬ್ರೇಕ್ ಹಾಕಿದರೆ ಅಂಕ ಕಡಿತ. ಡೀಸೆಲ್ ಟಾಕಿಗೆ ಸೆನ್ಸರ್. ದಾರಿಯಲ್ಲಿ ಡೀಸೆಲ್ ಇಳಿಸಿ ಮಾರುವ ಹಳೆಯ ಚಾಳಿಯ ಬಗ್ಗೆ ಕೇಳಿದೆ. ಕಾಕಾ ಚಹಾ ಆರಿತು ನೋಡ್ರಿ ಎಂದರು.

ಕಂಪನಿಯನ್ನು ಬರೀ ದೂರುವಂತಿಲ್ಲ. ತಿಂಗಳ ಸಂಬಳ ಬ್ಯಾಂಕಿಗೆ ಬರುತ್ತದೆ. ಕಿಲೋಮೀಟರಿನ ಮೇಲೆ ಭತ್ಯೆ, ಆವರೇಜ್ ಚೆನ್ನಾಗಿ ಬಂದರೆ ಮೇಲಷ್ಟು. ಐವತ್ತು ದಾಟಿದಮೇಲೆ ಮೊದಲ ಬಾರಿಗೆ ಅವರ ಹೆಸರಿನಲ್ಲಿ ಪಿಎಫ್ ಕಟ್ಟಾಗುತ್ತಿದೆ. ಓವರ್‌ಲೋಡ್ ಹೇರುವಂತಿಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ಆಕ್ಸಲ್ ತೂಕದ ಮಿತಿ ಏರಿಸಿ, ಹತ್ತು ಚಕ್ರದ ಗಾಡಿಗೆ 25 ಟನ್ ಇದ್ದದ್ದನ್ನು 28.5 ಮಾಡಿತು. ಅದರ ಮೇಲೆ ಇನ್ನೊಂದಿಷ್ಟು ಹೇರುವ ಮಾಲೀಕರನ್ನು ಕಾಕಾ ಸಾಕಷ್ಟು ಕಂಡಿದ್ದರು. 2025ರ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಅವರ ಗಾಡಿ ಅದಕ್ಕಿಂತ ಹಳೆಯದು. ಆದರೂ ಎಂಜಿನ್ನಿನ ಕಾವು ಕಾಲಿಗೆ ಬಡಿಯುವುದಿಲ್ಲ ಎಂಬುದೇ ಅವರಿಗೆ ದೊಡ್ಡದು.

ಒಂದಕ್ಕೆ ಮಾತ್ರ ಅವರು ಇನ್ನೂ ಹೊಂದಿಕೊಂಡಿಲ್ಲ. ಕ್ಲೀನರ್ ಇಲ್ಲ. ಪಕ್ಕದ ಸೀಟು ಖಾಲಿ. ಕಂಟೇನರಿಗೆ ಸೀಲು ಹಾಕಿ ಕೊಡುತ್ತಾರೆ, ಒಳಗೇನಿದೆ ಎಂದು ಗೊತ್ತಿಲ್ಲ. ಹಗ್ಗವಿಲ್ಲ, ತಾಡಪತ್ರಿಯಿಲ್ಲ, ಬೆಣೆಯಿಲ್ಲ. ಟೈರಿನ ಗಾಳಿ ಸ್ಕ್ರೀನಿನ ಮೇಲೆ ಬರುತ್ತದೆ. ಹಾಗಾದರೆ ಹುಡುಗನಿಗೇಕೆ ಅನ್ನ ಹಾಕಬೇಕು ಎಂಬುದು ಕಂಪನಿಯ ಲೆಕ್ಕ. ಲೆಕ್ಕದ ಪುಸ್ತಕದಲ್ಲಿ ಅದು ಸರಿಯೂ ಇದೆ. 'ಹುಡುಗ ಇದ್ರ ಮಾತಾಡಿಸಿ ನಿದ್ದಿಗೆಡಸ್ತಿದ್ದ್ರಿ. ಈ ಕ್ಯಾಮೆರಾನೂ ಎಬ್ಬಸತದ, ಎಬ್ಬಿಸಿ ಹುಬ್ಬಳ್ಳಿಗೆ ಚಾಡಿನೂ ಹೇಳತದ.'

ಆ ಸೀಟು ಖಾಲಿಯಾದದ್ದಕ್ಕೂ ಕಾಕಾನಂಥವರನ್ನು ಕಂಪನಿಗಳು ಹುಡುಕಿ ಕರೆಯುತ್ತಿರುವುದಕ್ಕೂ ನೇರ ಸಂಬಂಧವಿದೆ ಎಂದು ನನಗನ್ನಿಸುತ್ತದೆ. ಲಾರಿ ಮಾಲೀಕರನ್ನು ಯಾರನ್ನೇ ಕೇಳಿ, ಗಾಡಿ ಇದೆ ಡ್ರೈವರ್ ಇಲ್ಲ ಎನ್ನುತ್ತಾರೆ. ಇರುವುದಾದರೂ ಹೇಗೆ? ಡ್ರೈವರ್ ತಯಾರಾಗುತ್ತಿದ್ದುದು ಆ ಎಡಗಡೆಯ ಸೀಟಿನಲ್ಲಿ. ಅದನ್ನು ಮುಚ್ಚಿದವರು ಬದಲಿಗೆ ಬೇರೆ ಶಾಲೆ ತೆರೆಯಲಿಲ್ಲ. ಊರಿನ ಡ್ರೈವಿಂಗ್ ಸ್ಕೂಲು ಹೆವಿ ಲೈಸೆನ್ಸ್ ಕೊಡಿಸಬಹುದು, ಅರಬೈಲ್ ಇಳಿಯುವುದನ್ನು ಕಲಿಸಲಾರದು. ಹಾಗಾಗಿ ಹಳೆಯ ಶಾಲೆಯ ಉಳಿದ ವಿದ್ಯಾರ್ಥಿಗಳಿಗೇ ಕರೆ ಹೋಗುತ್ತದೆ. ನಮ್ಮಲ್ಲಷ್ಟೇ ಅಲ್ಲ. 2021ರಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲ್ ಬಂಕಿಗೆ ಇಂಧನ ಒಯ್ಯಲೂ ಡ್ರೈವರುಗಳಿಲ್ಲದೆ ಹೋದಾಗ ಅಲ್ಲಿನ ಸರ್ಕಾರ ಲಾರಿ ಲೈಸೆನ್ಸ್ ಇದ್ದ ಸುಮಾರು ಹತ್ತು ಲಕ್ಷ ಜನರಿಗೆ, ಕೆಲಸ ಬಿಟ್ಟವರನ್ನೂ ಸೇರಿಸಿ, ಮರಳಿ ಬನ್ನಿ ಎಂದು ಪತ್ರ ಬರೆದಿತ್ತು. ಕಾಕಾನಿಗೆ ಪತ್ರ ಬರಲಿಲ್ಲ. ಹಳೆಯ ಗೆಳೆಯನೊಬ್ಬನ ಫೋನು ಬಂತು.

ಹೊಸಬರು ಬಾರದಿರಲು ಬೇರೆ ಕಾರಣಗಳೂ ಇವೆ, ಅವು ಗಟ್ಟಿ ಕಾರಣಗಳು. ಸೇವ್‌ಲೈಫ್ ಫೌಂಡೇಶನ್ ತನ್ನ 2020ರ ವರದಿಗಾಗಿ ಹತ್ತು ನಗರಗಳ ಲಾರಿ ಚಾಲಕರನ್ನು ಮಾತಾಡಿಸಿದಾಗ ನೂರಕ್ಕೆ 84 ಮಂದಿ, ನಮ್ಮ ಮನೆಯವರು ಈ ಕೆಲಸಕ್ಕೆ ಬರಲಿ ಎಂದು ನಾವು ಹೇಳುವುದಿಲ್ಲ ಎಂದಿದ್ದರು. ದಿನಕ್ಕೆ ಸರಾಸರಿ ಹನ್ನೆರಡು ಗಂಟೆ ಓಡಿಸುತ್ತೇವೆ ಎಂದೂ ಹೇಳಿದ್ದರು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ ಎಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿತ್ತು. ಕಾಕಾನಿಗೆ ಹೇಳಿದೆ. 'ಹೌದೇನ್ರಿ?' ಎಂದು ನಿಜಕ್ಕೂ ಆಶ್ಚರ್ಯಪಟ್ಟರು.

ಭಾರತೀಯ ನ್ಯಾಯ ಸಂಹಿತೆಯಲ್ಲಿ, ಅಪಘಾತದಲ್ಲಿ ಸಾವಿಗೆ ಕಾರಣನಾಗಿ ವರದಿ ಮಾಡದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂದು ಬಂದಾಗ 2024ರ ಜನವರಿಯಲ್ಲಿ ದೇಶದುದ್ದಕ್ಕೂ ಲಾರಿಗಳು ನಿಂತವು. ಸಂಹಿತೆ ಆ ಜುಲೈ 1ರಿಂದ ಜಾರಿಗೆ ಬಂತು, ಆ ಒಂದು ಉಪಕಲಮನ್ನು ಮಾತ್ರ ಬದಿಗಿಟ್ಟರು. ಓಡಿಹೋಗಬಾರದು ಎಂಬುದನ್ನು ಕಾಕಾ ಒಪ್ಪುತ್ತಾರೆ. 'ನಿಂತ್ರ ಜನ ಬಡಿದು ಕೊಲ್ತಾರ್ರಿ. ಗಾಡಿ ದೊಡ್ಡದಿದ್ರ ತಪ್ಪೂ ದೊಡ್ಡ ಗಾಡೀದೇ' ಎನ್ನುತ್ತಾರೆ.

ಅವರ ಹೆಂಡತಿಯ ಭಯ ಬೇರೆ. ಅದೇ 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕಟ್ಟಿಗೆ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯೊಂದು ಹೆದ್ದಾರಿ ಬದಿಯಲ್ಲಿ ನಿಂತಿತ್ತು. ಗಂಗಾವಳಿ ನದಿಯಿಂದ ಆ ಲಾರಿಯನ್ನೂ ಕ್ಯಾಬಿನ್ನಿನೊಳಗೆ ಇದ್ದ ಚಾಲಕನ ದೇಹವನ್ನೂ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನವೂ ಈ ಮನೆಯಲ್ಲಿ ಟಿವಿ ಹಚ್ಚಿಯೇ ಇತ್ತಂತೆ. ಆಗ ಕಾಕಾ ಪಾನ್ ಅಂಗಡಿಯಲ್ಲಿದ್ದರು. 'ಅದೇ ಜಾಗದಾಗ ಇವರೂ ಎಷ್ಟ್ ಸಲ ಚಾ ಕುಡದಾರೋ' ಎಂದರು ಆಕೆ. ಮರುವರ್ಷ ಅವರು ಲೈಸೆನ್ಸ್ ಮಾಡಿಸಲು ಹೊರಟಾಗ ಬೇಡ ಎನ್ನಲಿಲ್ಲವೇ ಎಂದೆ. 'ಅನ್ನಲಿಲ್ರಿ. ಅಂದ್ರ ಕೇಳ್ತಿದ್ರು, ಅದಕ್ಕ ಅನ್ನಲಿಲ್ಲ.'

ಹಳೆಯ ಮಾಲೀಕರ ಕಾಲದಲ್ಲಿ ಬನದ ಹುಣ್ಣಿಮೆಗೆ ಕಾಕಾ ಗಾಡಿ ಸಮೇತ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗುತ್ತಿದ್ದರು. ನಾಟಕ ಕಂಪನಿಗಳ ಪರದೆ, ಖುರ್ಚಿ, ಜನರೇಟರು ತಂದು ಇಳಿಸುವ ಬಾಡಿಗೆ ಹಿಡಿದರೆ ಜಾತ್ರೆಯೂ ಆಗುತ್ತಿತ್ತು, ರಾತ್ರಿಯ ನಾಟಕವೂ ಪುಕ್ಕಟೆ. ಬರುವಾಗ ಜಾತ್ರೆಯಲ್ಲಿ ಬಾಗಿಲು ಚೌಕಟ್ಟು ಕೊಂಡವರ ಸಾಮಾನು ಹೇರಿಕೊಂಡು ಕೆರೂರ, ಕುಳಗೇರಿ ಕಡೆಯ ಹಳ್ಳಿಗಳಿಗೆ ಮುಟ್ಟಿಸುವುದು. ಕಾಕಾನ ಮನೆಯ ತಲಬಾಗಿಲು ಹಾಗೆ ಬಂದದ್ದೇ. ಈಗ ರಜೆಗೆ ಮೊಬೈಲಿನಲ್ಲಿ ಅರ್ಜಿ ಹಾಕಬೇಕು. ಕಳೆದ ಸಲ ಹುಣ್ಣಿಮೆಯ ದಿನ ಅವರು ರಾಜಸ್ಥಾನದಲ್ಲಿದ್ದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಕಾ ಕಂಪನಿಯ ಮ್ಯಾನೇಜರನ್ನು ಒಂದು ಮಾತು ಕೇಳಿದ್ದರಂತೆ. ಅಕ್ಕನ ಮಗ ಇದ್ದಾನೆ, ಇಪ್ಪತ್ತು ತುಂಬಿದೆ, ಕೈ ಚುರುಕು, ಜೊತೆಗೆ ಕರೆದೊಯ್ಯುತ್ತೇನೆ, ಸಂಬಳ ಬೇಡ, ನಾನೇ ಊಟ ಹಾಕುತ್ತೇನೆ ಎಂದು. ಮ್ಯಾನೇಜರ್ ಒಳ್ಳೆಯವನೇ. ಕ್ಯಾಬಿನ್ನಿನಲ್ಲಿ ಇನ್ನೊಬ್ಬ ಕೂತರೆ ವಿಮೆಯ ಪ್ರಶ್ನೆ ಬರುತ್ತದೆ, ಟ್ರಿಪ್ಪಿನಲ್ಲಿ ಒಂದೇ ಹೆಸರು ಹಾಕಲಿಕ್ಕೆ ಬರುತ್ತದೆ ಎಂದು ವಿವರಿಸಿ ಕಳಿಸಿದ.

ಹುಡುಗ ಈಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಪಾರ್ಸಲ್ ಹಂಚುತ್ತಾನೆ. ಆಗ ಮಾವನ ಮಾತಿಗೆ ಕಟ್ಟುಬಿದ್ದು ಕಾರಿನ ಲೈಸೆನ್ಸ್ ಮಾಡಿಸಿಕೊಂಡಿದ್ದ. ಅದು ಕೈಗೆ ಬಂದು ಒಂದು ವರ್ಷವಾದಮೇಲೆಯೇ ಸಾರಿಗೆ ವಾಹನ ಕಲಿಯಲು ಅರ್ಜಿ ಹಾಕಬಹುದು; ಕಾಯ್ದೆ ಹಾಗಿದೆ. ವರ್ಷ ತುಂಬುತ್ತ ಬಂದಿದೆ. ಹಾಕುತ್ತಾನೆಯೇ ಎಂದು ಕೇಳಿದೆ.

'ಮೊನ್ನೆ ಫೋನ್ ಮಾಡಿದ್ದ್ರಿ. ಮಾವಾ, ಹೆವಿ ಮಾಡಿಸಲೇನು ಅಂತ ಕೇಳಿದ' ಎಂದರು ಕಾಕಾ. 'ನಾ ಗುಜರಾತದಾಗ ಟೋಲ್ ದಾಟಾಕತ್ತಿದ್ದೆ. ಆಮ್ಯಾಲ ಮಾತಾಡ್ತೀನಿ ಅಂದೆ. ಇನ್ನೂ ಮಾತಾಡಿಲ್ಲ.'